ನಾನು ಹೊಡೆದುಹಾಕಿದ ಮೂರು ಸಾಲು

ಅನುಮಾನ ನನಗೆ ಹುಟ್ಟಿನಿಂದ ಬಂದದ್ದಲ್ಲ, ಹಾಸ್ಟೆಲಿನಿಂದ ಬಂದದ್ದು. ಐದನೇ ಕ್ಲಾಸಿಗೆ ನಂಜನಗೂಡಿನ ಹುಡುಗಿಯರ ಹಾಸ್ಟೆಲಿಗೆ ಸೇರಿದ ಮೊದಲ ವಾರವೇ ನನ್ನ ಟ್ರಂಕಿನಿಂದ ಕೊಬ್ಬರಿ ಎಣ್ಣೆ ಸೀಸೆ ಕಳುವಾಯಿತು. ಕದ್ದವಳು ನನ್ನ ಜೊತೆ ಸೇರಿಕೊಂಡೇ ಎರಡು ದಿನ ಸೀಸೆ ಹುಡುಕಿದಳು. ಮೂರನೇ ದಿನ ಅವಳ ಜಡೆಯ ವಾಸನೆ ನನ್ನ ಮೂಗಿಗೆ ಬಡಿಯಿತು. ಅಂದಿನಿಂದ ಯಾರು ಏನು ಕೊಟ್ಟರೂ, ಏನು ಹೇಳಿದರೂ ಮೊದಲು ಮೂಸಿ ನೋಡುವುದು ನನ್ನ ಅಭ್ಯಾಸವಾಗಿಬಿಟ್ಟಿತು. ರಜೆಗೆ ಊರಿಗೆ ಹೋದರೆ ಕೇರಿಯ ಹೆಂಗಸರು ಆಡಿಕೊಳ್ಳುತ್ತಿದ್ದರು. "ಆಲು ಕೊಟ್ರೂ ಸುಣ್ಣದ್ ನೀರಾ ಅಂತ ಕೇಳ್ತಾಳೆ ಕಣವ್ವ ನಿನ್ ಮಗ್ಳು" ಎಂದು ಅವ್ವನಿಗೆ ಹೇಳುತ್ತಿದ್ದರು. ಅವ್ವ ನಗುತ್ತಿದ್ದಳು.

ಈ ಗುಣದಿಂದ ನನಗೆ ಲಾಭವೂ ಆಗಿದೆ. ಬಣ್ಣದ ಮಾತಿಗೆ ಬೀಳಲಿಲ್ಲ, ನಯವಂಚಕರ ಹತ್ತಿರ ಸುಳಿಯಲಿಲ್ಲ. ಆದರೆ ಒಂದು ಸಲ ಅದು ನನ್ನ ಕೈಯಲ್ಲಿ ಮಾಡಬಾರದ ಕೆಲಸ ಮಾಡಿಸಿತು. ಅವ್ವ ಹಾಡಿದ ಮೂರು ಸಾಲನ್ನು ನಾನು ಕೆಂಪು ಇಂಕಿನಲ್ಲಿ ಹೊಡೆದುಹಾಕಿದೆ. ಆ ಮೂರು ಸಾಲಿನ ಗತಿ ಏನಾಯಿತು ಎನ್ನುವುದನ್ನೇ ಇಲ್ಲಿ ಹೇಳಬೇಕಾಗಿದೆ. ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ.

ನಮ್ಮೂರು ಇರುವುದು ನಂಜನಗೂಡಿಗೂ ನರಸೀಪುರಕ್ಕೂ ನಡುವೆ. ನಾಲೆಯ ಆ ದಡ ಒಂದು ತಾಲೂಕು, ಈ ದಡ ಇನ್ನೊಂದು. ನಮ್ಮ ಕಾಗದಪತ್ರವೆಲ್ಲ ನರಸೀಪುರ. ಸಂತೆ, ಆಸ್ಪತ್ರೆ, ಆಮೇಲೆ ತಮ್ಮನಿಗೆ ಸಿಕ್ಕ ಕೆಲಸ ಎಲ್ಲ ನಂಜನಗೂಡು. ಯಾವ ಆಫೀಸಿಗೆ ಹೋದರೂ "ನಿಮ್ದು ಆ ಕಡೆ ಬರುತ್ತೆ" ಎನ್ನುವ ಮಾತು ಕೇಳಿ ಕೇಳಿ ನಮಗೆ ರೂಢಿಯಾಗಿತ್ತು. ಅವ್ವ ನಾಲೆಯ ಎರಡೂ ದಡದ ಗದ್ದೆಗಳಲ್ಲಿ ಕೂಲಿಗೆ ಹೋಗುತ್ತಿದ್ದಳು. ನಾಟಿ ಹಾಕುವುದರಲ್ಲಿ ಅವಳ ಕೈ ಎಷ್ಟು ಚುರುಕೋ ಸೋಬಾನೆ ಹಾಡುವುದರಲ್ಲಿ ಬಾಯಿ ಅಷ್ಟೇ ಚುರುಕು. ನಮ್ಮ ಕೇರಿಯಲ್ಲಿ ಹುಡುಗಿ ದೊಡ್ಡವಳಾದರೆ, ಮದುವೆಯಾದರೆ ಹಸೆಯ ಮೇಲೆ ಕೂರಿಸುತ್ತಾರೆ. ನೆಲ ಸಾರಿಸಿ, ಬಿಳಿ ಪುಡಿಯಲ್ಲಿ ಗೆರೆ ಎಳೆದು ಚಿತ್ರ ಬರೆದ ಜಾಗವೇ ಹಸೆ. ಆಗ ಅವ್ವ ಮುಂದೆ ಕೂತು ಮೂರು ಸಾಲಿನ ಒಂದೊಂದು ನುಡಿ ಎತ್ತಿಕೊಡುತ್ತಿದ್ದಳು. ಉಳಿದ ನಾಲ್ಕೈದು ಹೆಂಗಸರು ಸೊಲ್ಲು ಹಿಡಿಯುತ್ತಿದ್ದರು, ಅಂದರೆ ಅವಳು ಹೇಳಿದ್ದನ್ನೇ ತಿರುಗಿ ಹಾಡುತ್ತಿದ್ದರು. ಹಾಸ್ಟೆಲಿನ ಹುಡುಗಿಯಾದ ನನಗೆ ಅದು ಎಲೆ ಅಡಿಕೆ ಬಾಯಿಯ ಮುದುಕಿಯರ ಗದ್ದಲವಾಗಿ ಕೇಳುತ್ತಿತ್ತು. ಕಿವಿ ಮುಚ್ಚಿಕೊಂಡು ಪರೀಕ್ಷೆಗೆ ಓದುತ್ತಿದ್ದೆ.

ಅವ್ವ ಹೆಬ್ಬೆಟ್ಟಿನವಳು. ಎಲ್ಲಿ ಹೋದರೂ ಎಡಗೈ ಹೆಬ್ಬೆಟ್ಟನ್ನು ಮುಂದೆ ಮಾಡಿ, ಒತ್ತಿ, ಸೆರಗಿಗೆ ಒರೆಸಿಕೊಂಡು ಬರುತ್ತಿದ್ದಳು. ತೊಂಬತ್ತರ ದಶಕದ ಶುರುವಿನಲ್ಲಿ ಊರೂರಿಗೂ ಅಕ್ಷರ ಕಲಿಸುವವರು ಹೊರಟಾಗ ನಾನು ಡಿಗ್ರಿ ಓದುತ್ತಿದ್ದೆ. ಬೇಸಿಗೆ ರಜೆಯಲ್ಲಿ ನಮ್ಮ ಕೇರಿಯ ಹೊಂಗೆ ಮರದ ಕೆಳಗೆ ಮಧ್ಯಾಹ್ನ ಹೆಂಗಸರನ್ನು ಕೂರಿಸಿ ಸ್ಲೇಟು ಹಂಚಿದೆ. ಎಲ್ಲರೂ ಬಂದರು, ಅವ್ವ ಬರಲಿಲ್ಲ. ಕರೆದರೆ, "ನಂಗ್ಯಾಕ್ ಮಗ ಈಗ? ಓಗು, ಕಲಿಯೋರ್ಗೆ ಕಲ್ಸು" ಅಂದಳು. ಮಗಳು ಮೇಡಮ್ಮಾಗಿ ನಿಂತಾಗ ತಾಯಿಯೇ ಬರಲಿಲ್ಲ ಎಂದರೆ ಊರು ಏನನ್ನಬೇಕು? ನನಗೆ ರೋಸಿಹೋಯಿತು. ಹದಿನೈದು ದಿನ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವ್ವನಿಗೆ ನನ್ನ ಓದು ಕಂಡರೆ ಒಳಗೊಳಗೇ ಅಸಡ್ಡೆ ಎಂದು ಅನುಮಾನ ಶುರುವಾದದ್ದು ಆಗಲೇ.

ಮೈಸೂರಿಗೆ ಎಂ.ಎ. ಓದಲು ಹೋದೆ. ಎರಡನೇ ವರ್ಷ ಎಲ್ಲರೂ ತಮ್ಮ ತಮ್ಮ ಕಡೆಯ ಜನಪದ ಹಾಡು ಸಂಗ್ರಹಿಸಿ ತರಬೇಕೆಂದು ನಮ್ಮ ಮೇಷ್ಟ್ರು ಹೇಳಿದರು. ಅವರು ಕೆಟ್ಟವರಲ್ಲ. ಮೆಲು ಮಾತಿನ, ಇಸ್ತ್ರಿ ಮಾಡಿದ ಬಿಳಿ ಜುಬ್ಬದ ಮನುಷ್ಯ. ಆದರೆ ಅವರ ತಲೆಯಲ್ಲಿ ಜನಪದಕ್ಕೆ ಒಂದು ತಕ್ಕಡಿ ಇತ್ತು. "ಕಟ್ಟಿದವರು ಯಾರು ಅಂತ ಗೊತ್ತಾದರೆ ಅದು ಜನಪದ ಅಲ್ಲಮ್ಮ. ತಲೆಮಾರುಗಳಿಂದ ತಾನಾಗಿ ಹರಿದು ಬಂದಿರಬೇಕು. ಬಸ್ಸು, ಸಿನಿಮಾ, ಫ್ಯಾಕ್ಟರಿ ಇವೆಲ್ಲ ಬಂದರೆ ಎಚ್ಚರವಾಗಿರಿ, ಅವು ಈಚಿನ ಸೇರ್ಪಡೆ" ಎಂದರು. ಎಚ್ಚರವಾಗಿರಿ ಎಂದು ನನಗೆ ಯಾರಾದರೂ ಹೇಳಬೇಕೇ? ಕುಣಿಯೋಳಿಗೆ ಗೆಜ್ಜೆ ಕಟ್ಟಿದ ಹಾಗಾಯಿತು.

ಗೆಳತಿಯೊಬ್ಬಳ ಟೇಪ್ ರೆಕಾರ್ಡರ್ ಇಸಿದುಕೊಂಡು ಊರಿಗೆ ಹೋದೆ. ಅವ್ವ ಜಗುಲಿಯ ಮೇಲೆ ಸೊಪ್ಪು ಸೋಸುತ್ತ ಕೂತಿದ್ದಳು. ಹಾಡಬೇಕಂತೆ, ನಾನು ಬರೆದುಕೊಳ್ಳಬೇಕಂತೆ ಎಂದಾಗ ಅವಳ ಮುಖದಲ್ಲಿ ಬಂದ ಬೆಳಕನ್ನು ನಾನು ಇವತ್ತಿಗೂ ಮರೆತಿಲ್ಲ. ಕೈ ತೊಳೆದು ಬಂದು, ತಲೆ ನೇವರಿಸಿಕೊಂಡು, ಫೋಟೋ ತೆಗೆಸಿಕೊಳ್ಳುವವಳಂತೆ ಕೂತಳು. ಹಸೆಯ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಹಾಡಿದಳು. ಮೊದಲ ಬಾರಿ ನಾನು ಆ ಪದಗಳಿಗೆ ಕಿವಿ ಕೊಟ್ಟೆ. ಒಂದು ನುಡಿ ಹೀಗಿತ್ತು.

ಊರ ಬುಟ್ಟು ಬಯಲಲ್ಲಿ ಗುಡ್ಲಾಕಿ ಕುಂತೇವು
ಬೂದಿಯಲಿ ಅಸೆಯ ಬರೆದೇವು | ಸೋಬಾನೆ
ಮದುಮಗಳು ನಕ್ಕಾಳು ನೋಡವ್ವ

ಇನ್ನೊಂದು ಹೀಗಿತ್ತು.

ನಾಲೆ ನೀರಿನ ಗದ್ದೆ ನೆಟ್ಟು ನೆಟ್ಟು ಬಗ್ಗೇನು
ಬಗ್ಗಿದ ಸೊಂಟ ಎತ್ತಿಲ್ಲ | ಸೋಬಾನೆ
ಪೈರು ನೆಟ್ಟಗೆ ನಿಂತಾವೆ

ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ನಾನು ಇಷ್ಟು ವರ್ಷ ಇದನ್ನು ಕೇಳದೆ ಎಲ್ಲಿದ್ದೆ ಅನ್ನಿಸಿತು. ಹಾಡಿನ ಕೊನೆಗೆ ಬಂದಾಗ ಅವ್ವ ಒಂದು ಗಳಿಗೆ ನಿಲ್ಲಿಸಿದಳು. ನನ್ನ ಮುಖ ನೋಡಲಿಲ್ಲ. ಸೋಸಿಟ್ಟ ಸೊಪ್ಪಿನ ಕಡೆ ನೋಡುತ್ತ ಕೊನೆಯ ನುಡಿ ಹಾಡಿದಳು.

ಕರದ ಅಗ್ಗವ ಇಡಿದು ಗ್ವಾಡೆ ಆಚೆ ನಿಂತೇನು
ಅಕ್ಸರವ ಕಿಟಕೀಲಿ ಕಲಿತೇನು | ಸೋಬಾನೆ
ಕರ ಕಿತ್ಕಂಡು ಓಯ್ತು ನೋಡವ್ವ

ಟೇಪು ತಿರುಗುತ್ತಲೇ ಇತ್ತು. ನನ್ನ ಮೂಗು ಎಚ್ಚೆತ್ತಿತು. ಹಸೆಯ ಹಾಡಿನಲ್ಲಿ ಕರು, ಹಗ್ಗ, ಇಸ್ಕೂಲಿನ ಕಿಟಕಿ ಎಲ್ಲಿಂದ ಬಂತು?

ಮೈಸೂರಿಗೆ ಹೋಗಿ ಎಲ್ಲವನ್ನೂ ದುಂಡಗೆ ಬರೆದು ಮೇಷ್ಟ್ರಿಗೆ ಕೊಟ್ಟೆ. ಬೂದಿಯ ಹಸೆಯ ನುಡಿ ಓದಿ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹಳೆಯ ಕಾಲದಲ್ಲಿ ಮಾರಿಬೇನೆ ಬಂದು ಜನ ಊರು ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಂಡಿರುತ್ತಿದ್ದರು, ಆಗಲೂ ಮದುವೆ ನಿಲ್ಲಿಸಲಿಲ್ಲ ನೋಡಿ, ಇದು ಒಬ್ಬರು ಕಟ್ಟಿದ್ದಲ್ಲ, ಇಡೀ ಸಮುದಾಯದ ಬಾಯಿಂದ ಬಂದದ್ದು ಎಂದರು. ಕೊನೆಯ ನುಡಿಯ ಪಕ್ಕ ಪೆನ್ಸಿಲ್ಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. "ನೀವು ಎಂ.ಎ. ಓದ್ತಿದ್ದೀರಿ ಅಂತ ನಿಮ್ಮ ತಾಯಿ ಪ್ರೀತಿಯಿಂದ ಸೇರಿಸಿರಬಹುದು. ವಿಚಾರಿಸಿ" ಎಂದರು. ಅಷ್ಟೇ ಅಂದದ್ದು. ತೆಗೆಯಿರಿ ಅನ್ನಲಿಲ್ಲ.

ಆದರೆ ಆ ಚಿಹ್ನೆ ನನ್ನ ಎದೆಗೆ ಚುಚ್ಚಿತು. ಬೇರೆ ಹುಡುಗಿಯರು ತಂದ ಹಾಡುಗಳಿಗೆ ಅವರು ಹೀಗೆ ಚಿಹ್ನೆ ಹಾಕಿದರೇ ಎಂದು ಒಬ್ಬೊಬ್ಬರ ನೋಟ್ ಪುಸ್ತಕ ಕೇಳಿ ಪಡೆದು ನೋಡಿದೆ. ಎರಡರಲ್ಲಿ ಹಾಕಿದ್ದರು, ನಾಲ್ಕರಲ್ಲಿ ಹಾಕಿರಲಿಲ್ಲ. ಆ ಎರಡು ಯಾರವು, ಈ ನಾಲ್ಕು ಯಾರವು, ಯಾವ ಜಾತಿಯವರವು ಎಂದು ಲೆಕ್ಕ ಹಾಕಿದೆ. ಏನೂ ಹೊಂದಿ ಬರಲಿಲ್ಲ, ಆದರೂ ಅನುಮಾನ ಹೋಗಲಿಲ್ಲ. ಕೇರಿಯ ಹುಡುಗಿ ಕಲಬೆರಕೆ ತಂದಳು ಎಂಬ ಮಾತು ನನ್ನ ಹೆಸರಿನ ಜೊತೆ ಬರಕೂಡದು ಎಂದು ಹಟ ಹಿಡಿದೆ. ಅವರಿಗಿಂತ ನಾನೇ ಕಟ್ಟುನಿಟ್ಟಾಗಬೇಕೆಂದು ತೀರ್ಮಾನಿಸಿದೆ.

ಮುಂದಿನ ಭಾನುವಾರವೇ ಊರಿಗೆ ಹೋದೆ. ಅವ್ವ ನಾಟಿಯಲ್ಲಿದ್ದಳು. ಬದುವಿನ ಮೇಲೆ ನಿಂತೇ ಕೇಳಿದೆ. "ಅವ್ವ, ಆ ಕರದ ನುಡಿ ಯಾರದು?"

"ನಂದೇ ಕಣ್ ಮಗ."

"ನೀನೇ ಕಟ್ಟಿದ್ದಾ?"

"ಇನ್ಯಾರ್ ಬಂದು ಕಟ್ಟಾರು?"

"ನೀನ್ಯಾವಾಗ ಅಕ್ಷರ ಕಲಿತೆ? ಹೆಬ್ಬೆಟ್ಟು ಒತ್ತೋಳು ನೀನು."

ಅವ್ವ ಪೈರಿನ ಕಟ್ಟು ಬಿಚ್ಚುತ್ತಿದ್ದವಳು ಅಕ್ಕಪಕ್ಕದ ಹೆಂಗಸರ ಕಡೆ ಒಮ್ಮೆ ನೋಡಿದಳು. "ಅದು ಆಡು ಕಣವ್ವ. ಆಡ್ನಲ್ಲಿ ಇರ್ತದೆ ಬುಡು" ಎಂದು ಬಗ್ಗಿದಳು. ಆಮೇಲೆ ತಲೆ ಎತ್ತಲಿಲ್ಲ.

ನನಗೆ ಇನ್ನೇನು ಬೇಕಿತ್ತು? ತಪ್ಪೊಪ್ಪಿಗೆ ಸಿಕ್ಕಿತು ಅಂದುಕೊಂಡೆ. ಕಲಿತೇನು ಎಂದು ಹಾಡುತ್ತಾಳೆ, ಕಲಿತಿಲ್ಲ ಎಂದು ಹೆಬ್ಬೆಟ್ಟು ಹೇಳುತ್ತದೆ. ಎರಡರಲ್ಲಿ ಒಂದು ಸುಳ್ಳು. ಹೆಬ್ಬೆಟ್ಟನ್ನು ನಾನೇ ಕಣ್ಣಾರೆ ಕಂಡಿದ್ದೇನೆ, ಹಾಗಾದರೆ ಹಾಡು ಸುಳ್ಳು. ಬಸ್ಸಿನಲ್ಲಿ ವಾಪಸು ಹೋಗುವಾಗಲೇ ಚೀಲದಿಂದ ಹಾಳೆ ತೆಗೆದು ಕೆಂಪು ಪೆನ್ನಿನಲ್ಲಿ ಮೂರೂ ಸಾಲಿನ ಮೇಲೆ ಅಡ್ಡಗೆರೆ ಎಳೆದೆ. ಬಸ್ಸು ಕುಲುಕಿದ್ದಕ್ಕೆ ಗೆರೆ ಸೊಟ್ಟಗಾಯಿತು. ಇನ್ನೊಮ್ಮೆ ಎಳೆದೆ.

ಕೆಲವು ವರ್ಷದ ಮೇಲೆ ನನಗೆ ನರಸೀಪುರದಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ನಾನು ಸಂಗ್ರಹಿಸಿದ ಹಾಡುಗಳು ಒಂದು ಸಣ್ಣ ಪುಸ್ತಕವಾಗಿ ಅಚ್ಚಾದವು. "ಇತ್ತೀಚಿನ ಕಲಬೆರಕೆಗಳನ್ನು ಎಚ್ಚರದಿಂದ ಕೈಬಿಡಲಾಗಿದೆ" ಎಂದು ಮುನ್ನುಡಿಯಲ್ಲಿ ಹೆಮ್ಮೆಯಿಂದ ಬರೆದುಕೊಂಡೆ. ಮೊದಲ ಪ್ರತಿಯನ್ನು ಅವ್ವನಿಗೆ ಕೊಟ್ಟೆ. ಅವಳು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು.

"ನನ್ ಎಸ್ರು ಆಕಿದ್ದೀಯಾ?"

"ಹಾಕಿದ್ದೀನಿ ಅವ್ವ, ಮೊದಲನೇ ಹಾಳೆಯಲ್ಲೇ ಇದೆ."

"ನಾನಾಡಿದ್ದೆಲ್ಲ ಅದಾ?"

"ಎಲ್ಲಾ ಇದೆ" ಎಂದೆ. ಓದಲು ಬಾರದವಳಿಗೆ ಮೂರು ಸಾಲಿನ ವಿವರಣೆ ಯಾಕೆ ಎಂದು ಸುಲಭವಾಗಿ ಸುಳ್ಳು ಹೇಳಿದೆ. ಅವಳು ಹಾಳೆ ತಿರುವುತ್ತ ಸ್ವಲ್ಪ ಹೊತ್ತು ಕೂತಳು. ನಾನು ಒಳಗೆ ಹೋಗಿ ನೀರು ಕುಡಿದು ಬರುವಷ್ಟರಲ್ಲಿ ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡಿದ್ದಳು. "ಚೆಂದಾಗದೆ" ಅಂದಳು. ಅವತ್ತು ನನಗೆ ಮುದ್ದೆ ಬಡಿಸಿ ತಾನು ಉಣ್ಣಲಿಲ್ಲ. ಹೊಟ್ಟೆ ಸರಿ ಇಲ್ಲ ಎಂದಳು. ನಾನು ನರಸೀಪುರದಿಂದ ತಂದಿದ್ದ ಬಾಳೆಹಣ್ಣು ತಿನ್ನು ಎಂದು ಹೇಳಿ ಬಸ್ಸಿಗೆ ಹೊರಟೆ.

ಈ ನಡುವೆ ನನ್ನ ತಮ್ಮ ನಂಜನಗೂಡು ಕಡೆಯ ತಾಂಡ್ಯದ ಒಂದು ಫ್ಯಾಕ್ಟರಿಗೆ ಸೇರಿದ್ದ. ಅಲ್ಲಿ ಶಿಫ್ಟು ಮುಗಿಸಿ ಬರುವ ನಾಲ್ಕು ಜನ ಓದುವ ಹುಡುಗರ ಸಹವಾಸವಾಯಿತು. ಸಭೆಗಳಿಗೆ ಹೋದ, ಪುಸ್ತಕ ತಂದ, ಒಂದು ದಿನ ಬೌದ್ಧನಾಗಿ ಬಂದ. ನನಗೆ ಅದೂ ಅನುಮಾನವೇ. ಇವನು ನಂಬಿ ಹೋದನೋ, ಜೊತೆಯವರು ಹೋದರೆಂದು ಹೋದನೋ? ಆದರೆ ಅವನು ಕುಡಿಯುವುದನ್ನು ಬಿಟ್ಟ, ಮೇಲಧಿಕಾರಿಯ ಮುಂದೆ ಕೈಕಟ್ಟಿ ನಿಲ್ಲುವುದನ್ನು ಬಿಟ್ಟ. ಅವನ ಬೆನ್ನು ನೆಟ್ಟಗಾದದ್ದನ್ನು ನಾನು ಒಪ್ಪಲೇಬೇಕಾಯಿತು. ಮನೆಯ ಗೋಡೆಯಿಂದ ದೇವರ ಪಟಗಳೆಲ್ಲ ಇಳಿದವು. ಬುದ್ಧನ ಚಿತ್ರ ಬಂತು, ನೀಲಿ ಕೋಟಿನವರ ಫೋಟೋ ಬಂತು. ಇಳಿಸಿದ ಪಟಗಳು ಮಾತ್ರ ಎಲ್ಲಿ ಹೋದವೋ ಯಾರಿಗೂ ಗೊತ್ತಾಗಲಿಲ್ಲ.

ಒಂದು ಸಲ ನಾನು ಊರಿಗೆ ಹೋದಾಗ ತಮ್ಮ ನನ್ನನ್ನು ಹಿತ್ತಿಲಿಗೆ ಕರೆದ. "ಅಕ್ಕ, ಅವ್ವ ಟ್ರಂಕ್ನಲ್ಲಿ ಪಟ ಮಡಗವಳೆ ಅಂತ ನಂಗೆ ಡೌಟು. ನೀನು ವಸಿ ನೋಡು. ನಾನು ನೋಡಿದ್ರೆ ಜಗಳ ಆಯ್ತದೆ" ಎಂದ. ಅನುಮಾನದ ಕೆಲಸವೆಂದರೆ ನನಗೇ ಬರಬೇಕು. ಅವ್ವ ನಾಲೆಗೆ ಬಟ್ಟೆ ಒಗೆಯಲು ಹೋದಾಗ ಟ್ರಂಕು ತೆಗೆದೆ. ಮದುವೆ ಸೀರೆಯ ಕೆಳಗೆ ಬಟ್ಟೆಯಲ್ಲಿ ಸುತ್ತಿದ ಪಟಗಳಿದ್ದವು. ಅವುಗಳ ಜೊತೆ ಅದೇ ಬಟ್ಟೆಯಲ್ಲಿ ಸುತ್ತಿಟ್ಟ ನನ್ನ ಪುಸ್ತಕವೂ ಇತ್ತು. ತೆರೆದರೆ ಹಸೆಯ ಹಾಡಿನ ಕೊನೆಯ ಪುಟಕ್ಕೇ ತೆರೆದುಕೊಂಡಿತು. ಕಡೆಯ ಸಾಲಿನ ಕೆಳಗಿನ ಖಾಲಿ ಜಾಗದಲ್ಲಿ ಅರಿಸಿನದ ಬೆರಳಿನ ಗುರುತಿತ್ತು, ಒಂದಲ್ಲ, ನಾಲ್ಕೈದು. ಓದಲು ಬಾರದವಳು ಪುಸ್ತಕವನ್ನು ದೇವರ ಜೊತೆ ಇಟ್ಟು ಪೂಜೆ ಮಾಡಿದ್ದಾಳೆ, ಪಾಪ ಅಂದುಕೊಂಡೆ. ಟ್ರಂಕು ಮುಚ್ಚಿ, ತಮ್ಮನಿಗೆ ಏನೂ ಇಲ್ಲ ಎಂದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ತಮ್ಮನ ಮದುವೆ ಗೊತ್ತಾಯಿತು. ನರಸೀಪುರದ ಒಂದು ಭವನದಲ್ಲಿ, ಬೆಳಿಗ್ಗೆ ಹತ್ತು ಗಂಟೆಗೆ, ಬೌದ್ಧ ರೀತಿಯಲ್ಲಿ. ರಾಹುಕಾಲ ಗುಳಿಕಕಾಲ ಯಾವುದೂ ಇಲ್ಲ. ಸೋಬಾನೆ ಬೇಡ ಎಂದು ತಮ್ಮ ಹಟ ಹಿಡಿದ. ಅದರಲ್ಲಿ ಸಿವ ಬರ್ತಾನೆ, ಗೌರಮ್ಮ ಬರ್ತಾಳೆ, ಮದುವೆ ಮಾಡಿಸೋ ಬೌದ್ಧ ಭಿಕ್ಕು ಭಂತೇಜಿ ಮುಂದೆ ಅದೆಲ್ಲ ಹೇಗೆ ಎಂದ.

"ಸಿವ ಬರೋದು ಬ್ಯಾರೆ ಆಡ್ನಲ್ಲಿ ಕಣ್ಲಾ" ಎಂದಳು ಅವ್ವ. "ಅಸೆ ಆಡ್ನಲ್ಲಿ ಯಾವ್ ದೇವ್ರೂ ಇಲ್ಲ. ಬರೀ ಎಣ್ಣೆಂಗಸ್ರು ಅವ್ರೆ. ಬೇಕಾದ್ರೆ ನಿಮ್ಮಕ್ಕನ ಪುಸ್ತಕ ನೋಡು."

ತಮ್ಮ ಪುಸ್ತಕ ತೆಗೆದು ಒಂದೊಂದೇ ಸಾಲು ಪರೀಕ್ಷೆ ಮಾಡಿದ. ಅವ್ವ ಹೇಳಿದ್ದು ನಿಜ. ಬಯಲ ಗುಡಿಸಲು, ನಾಟಿ ಗದ್ದೆ, ಒಲೆ, ಬಾವಿ. ದೇವರ ಸುಳಿವೇ ಇರಲಿಲ್ಲ. ಇಷ್ಟು ವರ್ಷ ಪಾಠ ಹೇಳಿದ ನಾನೇ ಅದನ್ನು ಗಮನಿಸಿರಲಿಲ್ಲ. ಒಂದೇ ಒಂದು ಹಾಡು ಎಂದು ಒಪ್ಪಿಗೆಯಾಯಿತು.

ಮದುವೆಯ ದಿನ ಭವನದಲ್ಲಿ ಎಲ್ಲರೂ ಬಿಳಿ ಬಟ್ಟೆ. ಭಂತೇಜಿ ಪಂಚಶೀಲ ಹೇಳಿಸಿದರು. ಕೊಲ್ಲುವುದಿಲ್ಲ, ಕದಿಯುವುದಿಲ್ಲ ಎಂದು ಎಲ್ಲರೂ ಅವರ ಹಿಂದೆ ಹೇಳಿದೆವು. ನಾನು ಅಭ್ಯಾಸಬಲದಿಂದ ಅವ್ವನ ತುಟಿಯನ್ನೇ ನೋಡುತ್ತಿದ್ದೆ. ಸುಳ್ಳು ಹೇಳುವುದಿಲ್ಲ ಎನ್ನುವ ಕಡೆ ಅವಳ ತುಟಿ ಅಲುಗಲಿಲ್ಲ. ಮುಂದಿನದಕ್ಕೆ ಮತ್ತೆ ಅಲುಗಿತು. ಟ್ರಂಕಿನ ಪಟಗಳು ಅವಳ ಎದೆ ಮೇಲೆ ಕೂತಿವೆ ಎಂದು ನನಗೆ ನಾನೇ ಹೇಳಿಕೊಂಡೆ.

ಹಾರ ಬದಲಾದ ಮೇಲೆ ಅವ್ವ ತನ್ನ ಜೊತೆಯವರೊಂದಿಗೆ ಚಾಪೆಯ ಮೇಲೆ ಕೂತಳು. ಹಾಡು ಎದ್ದಿತು. ಬಿಳಿ ಸೀರೆಯ ಮದುಮಗಳ ಸುತ್ತ ಆ ಹಳೆಯ ದನಿ ಹರಡಿದಾಗ ಮುಂದೆ ಕೂತಿದ್ದ ತಮ್ಮನ ಗೆಳೆಯರೂ ಸುಮ್ಮನಾದರು. ಬೂದಿಯ ಹಸೆ ಬಂತು. ಬಗ್ಗಿದ ಸೊಂಟ ಬಂತು. ನನ್ನ ಪುಸ್ತಕದ ಕಡೆಯ ಸಾಲು ಬಂತು. ಅಲ್ಲಿಗೆ ಅವ್ವ ನಿಲ್ಲಿಸಿಬಿಟ್ಟಳು. ಸೊಲ್ಲು ಹಿಡಿಯಲು ಬಾಯಿ ತೆರೆದಿದ್ದ ಹೆಂಗಸರು ಹಾಗೇ ಅವಳ ಮುಖ ನೋಡಿದರು. ಅವ್ವ ಮೊಣಕಾಲು ಹಿಡಿದುಕೊಂಡು ಎದ್ದು ಹೋದಳು.

ಅವಳ ಜೊತೆ ಎಷ್ಟೋ ವರ್ಷ ಸೊಲ್ಲು ಹಿಡಿದ ದೊಡ್ಡವ್ವ ಒಬ್ಬರು ಹಿಂದೆಯೇ ಬಂದರು. ನಾನೂ ಹೋದೆ. ಭವನದ ಹಿಂದೆ ಪಾತ್ರೆ ತೊಳೆಯುವ ಜಾಗದಲ್ಲಿ ದೊಡ್ಡವ್ವ ಅವ್ವನನ್ನು ತರಾಟೆಗೆ ತೆಗೆದುಕೊಂಡರು. "ಎಲ್ರ ನುಡೀನೂ ಆಡ್ದೆ, ನಿಂದೇ ಬುಟ್ಬುಟ್ಟೆ? ಬೂದಿ ಅಸೆ ನಿಮ್ಮಜ್ಜೀದು, ಸೊಂಟದ್ದು ನಿಮ್ಮವ್ವಂದು, ಅವ್ರದ್ದು ಆಡಿ ನಿನ್ನ ನುಡಿ ಆಡ್ದೆ ಎದ್ರೆ ಆಡು ಮುಗೀತದಾ? ಮಗನ್ ಮದ್ವೇಲಿ ಇಂಗ್ ಮಾಡ್ಬೋದಾ?"

ನನಗೆ ಅರ್ಥವಾಗಲಿಲ್ಲ. "ಯಾರ ನುಡಿ ದೊಡ್ಡವ್ವ? ಅಜ್ಜೀದು ಅಂದ್ರೆ?" ಎಂದೆ.

ದೊಡ್ಡವ್ವ ನನ್ನನ್ನು ವಿಚಿತ್ರವಾಗಿ ನೋಡಿದರು. "ಇಷ್ಟ್ ಓದಿದ್ದೀಯೆ, ಗೊತ್ತಿಲ್ವಾ? ಆಡು ಯಾರ್ ಕೈಗೆ ಬತ್ತದೋ ಅವ್ರು ಒಂದ್ ನುಡಿ ಸೇರುಸ್ಬೇಕು. ತನ್ ಬದುಕಿಂದು. ಇಂದ್ಲೋರ್ದು ಬುಡಂಗಿಲ್ಲ, ತನ್ನುದ್ರಲ್ಲಿ ಸುಳ್ಳು ಮಡಗಂಗಿಲ್ಲ. ಅಂಗೇ ಬಂದದೆ ಈ ಆಡು" ಎಂದು ಹೇಳಿ, ಒಳಗಿಂದ ಯಾರೋ ಕರೆದಿದ್ದಕ್ಕೆ ಹೊರಟುಹೋದರು.

ಮೇಷ್ಟ್ರು ಕಣ್ಣೊರೆಸಿಕೊಂಡ ನುಡಿ ನನ್ನ ಮುತ್ತಜ್ಜಿಯ ಮದುವೆಯದು. ಬೂದಿಯ ಹಸೆಯ ಮೇಲೆ ಕೂತು ನಕ್ಕವಳು ಅವಳೇ. ಅಜ್ಜಿಗೆ ಗೂನು ಇತ್ತೆಂದು ನನಗೆ ಮಸುಕಾಗಿ ನೆನಪಿದೆ. ಸತ್ತವರ ನುಡಿಯನ್ನೆಲ್ಲ ಹಳೆಯದು, ಶುದ್ಧ ಎಂದು ಅಚ್ಚು ಹಾಕಿಸಿದ್ದೆ. ಬದುಕಿದ್ದವಳ ನುಡಿಯನ್ನು ಕಲಬೆರಕೆ ಎಂದು ಕಿತ್ತುಹಾಕಿದ್ದೆ.

"ಅವ್ವ, ಯಾಕೆ ಹಾಡಲಿಲ್ಲ?" ಎಂದೆ.

ಅವ್ವ ನಲ್ಲಿಯ ಕೆಳಗೆ ಕೈ ಹಿಡಿದಿದ್ದಳು. "ಪುಸ್ತಕ್ದಲ್ಲಿ ಇಲ್ವಲ್ಲ ಮಗ" ಎಂದಳು.

ನೀರು ಬೀಳುತ್ತಲೇ ಇತ್ತು. ಪುಸ್ತಕದಲ್ಲಿ ಇಲ್ಲ ಎಂದು ಅವಳಿಗೆ ಹೇಳಿದವರು ಯಾರು? ನಾನು ಹೇಳಿರಲಿಲ್ಲ. ತಮ್ಮನಿಗೆ ಆ ನುಡಿ ಇತ್ತೆಂಬುದೇ ಗೊತ್ತಿರಲಿಲ್ಲ. ಅರಿಸಿನದ ಬೆರಳು ನಾಲ್ಕೈದು ಸಲ ಹುಡುಕಿದ್ದು ಆ ಖಾಲಿ ಜಾಗವನ್ನು. ಪುಸ್ತಕ ಕೊಟ್ಟ ದಿನ ಅವಳು ಉಣ್ಣದೆ ಇದ್ದದ್ದು ಹೊಟ್ಟೆ ಕೆಟ್ಟಿದ್ದಕ್ಕಲ್ಲ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಅವ್ವ ಯಾರನ್ನೂ ಕೇಳದೆ ಸರಿಯಾದ ಬಸ್ಸು ಹತ್ತುತ್ತಿದ್ದುದು ಆಗ ನೆನಪಾಯಿತು. ಡ್ರೈವರ್ ಮುಖ ನೋಡಿದರೆ ಗೊತ್ತಾಗುತ್ತದೆ ಎನ್ನುತ್ತಿದ್ದಳು, ನಾನು ನಂಬಿದ್ದೆ. ಊರೆಲ್ಲರನ್ನೂ ಅನುಮಾನಿಸಿದವಳು ಅವ್ವನ ಹೆಬ್ಬೆಟ್ಟನ್ನು ಮಾತ್ರ ಒಂದು ದಿನವೂ ಅನುಮಾನಿಸಿರಲಿಲ್ಲ.

"ನಿಂಗೆ ಓದೋಕೆ ಬರುತ್ತಾ ಅವ್ವ?"

ಅವಳು ಸುತ್ತ ಯಾರಾದರೂ ಇದ್ದಾರಾ ಎಂದು ನೋಡಿದಳು. "ಮೆತ್ತುಗ್ ಮಾತಾಡು. ನಾನ್ ಯೋಳ್ಲಿಲ್ಲ, ನೀನೇ ಕಂಡ್ಕಂಡೆ" ಎಂದಳು. ಆಮೇಲೆ ಹೇಳಿದಳು. ಹುಡುಗಿಯಾಗಿದ್ದಾಗ ಊರಿನ ಜಮೀನ್ದಾರರಾದ ದೊಡ್ಡಮನೆಯವರ ಕರು ಮೇಯಿಸಲು ಅವಳನ್ನು ಬಿಟ್ಟಿದ್ದರಂತೆ. ಇಸ್ಕೂಲಿನ ಕಿಟಕಿಯ ಹೊರಗೆ ದಿನಾ ನಿಂತು ಒಳಗೆ ಬೋರ್ಡಿನಲ್ಲಿ ಬರೆದದ್ದನ್ನು ನೆಲದ ಮಣ್ಣಿನಲ್ಲಿ ಬರೆಯುತ್ತಿದ್ದಳಂತೆ. ಓದುವಷ್ಟು ಬಂದಮೇಲೆ ಒಂದು ದಿನ ಕರು ಹಗ್ಗ ಕಿತ್ತುಕೊಂಡು ಹುರುಳಿ ಹೊಲಕ್ಕೆ ನುಗ್ಗಿತು.

"ನಿಮ್ಮಜ್ಜನ್ನ ಮರುಕ್ ಕಟ್ಟಾಕುದ್ರು ಕಣ್ ಮಗ. ಕರ ಮೇದುದ್ಕಲ್ಲ. ನಿನ್ ಮಗ್ಳುನ್ನ ಅಕ್ಸರ ಕಲಿಯಕ್ ಬುಟ್ಟಿದ್ದೀಯಾ ಅಂತ. ಬಿಚ್ಚುದ್ಮೇಲೆ ಅಪ್ಪ ನನ್ ಕೈನ ತನ್ ತಲೆ ಮೇಲೆ ಮಡಗಿಸ್ಕಂಡು ಆಣೆ ಆಕುಸ್ದ. ಬತ್ತದೆ ಅಂತ ಯಾರ್ಗೂ ಯೋಳ್ಬ್ಯಾಡ, ಸಾಯೋಗಂಟ ಯೋಳ್ಬ್ಯಾಡ ಅಂತ."

"ಅಜ್ಜ ಸತ್ತು ಎಷ್ಟು ವರ್ಷ ಆಯ್ತು ಅವ್ವ!"

"ಅಪ್ಪ ಸತ್ತ ಅಂತ ಆಣೆ ಸಾಯ್ತದಾ?"

"ಮತ್ತೆ ಹಾಡಿನಲ್ಲಿ ಹೇಳ್ತಿದ್ದೆಯಲ್ಲ?"

"ಆಡುದ್ರೆ ಯೋಳ್ದಂಗಲ್ಲ. ಅದೊಂದ್ರಲ್ಲೇ ಯೋಳ್ಕತಿದ್ದೆ" ಎಂದು ನಲ್ಲಿ ನಿಲ್ಲಿಸಿದಳು. ಅವಳಿಗೆ ಸಿಟ್ಟಿರಲಿಲ್ಲ, ಅದೇ ನನಗೆ ತಡೆಯಲಾಗಲಿಲ್ಲ. ಅತ್ತುಬಿಟ್ಟೆ. "ಇವತ್ತಾದರೂ ಹಾಡು ಅವ್ವ, ಮುಂದಿನ ಸಲ ಪುಸ್ತಕ ಅಚ್ಚಾದಾಗ ಸೇರಿಸ್ತೀನಿ" ಎಂದು ಗೋಗರೆದೆ.

"ನೀನು ಓದ್ದೋಳು, ತಗ್ದಿದ್ದೀಯ ಅಂದ್ಮೇಲೆ ಏನೋ ಇರ್ಬೇಕು ಅಂತ ನಾನೂ ಬುಟ್ಟೆ. ಈಗ ಅದು ಗಂ‌ಟ್ಲಿಗೇ ಬರಾಕಿಲ್ಲ" ಎಂದು ಸೆರಗಿನಲ್ಲಿ ನನ್ನ ಮುಖ ಒರೆಸಿದಳು.

ಅಷ್ಟರಲ್ಲಿ ತಮ್ಮ ಬಂದು ಕರೆದ. ಒಳಗೆ ಭವನದವರು ಮದುವೆಯ ದಾಖಲೆ ಪುಸ್ತಕ ತೆರೆದಿಟ್ಟುಕೊಂಡು ಕೂತಿದ್ದರು. ಹುಡುಗನ ತಾಯಿ ಸಹಿ ಹಾಕಬೇಕಿತ್ತು. ಕನ್ನಡಕದ ಹಿರಿಯರೊಬ್ಬರು ಪುಸ್ತಕವನ್ನು ನಮ್ಮ ಕಡೆ ತಳ್ಳಿ, "ಸೈನಾ, ಹೆಬ್ಬೆಟ್ಟಾ ತಾಯಿ?" ಎಂದು ಕೇಳಿದರು. ಪಕ್ಕದಲ್ಲಿ ಪೆನ್ನೂ ಇತ್ತು, ಶಾಯಿಯ ಡಬ್ಬಿಯೂ ಇತ್ತು. ನಾನು ಅವ್ವನ ಕೈಯನ್ನೇ ನೋಡಿದೆ.

ಅವ್ವ ಪುಸ್ತಕದ ಮೇಲೆ ಒಂದು ಗಳಿಗೆ ಕಣ್ಣಾಡಿಸಿದಳು. ಯಾರಿಗೂ ಗೊತ್ತಾಗದಷ್ಟು ಬೇಗ. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದಳು. "ತಾಲೂಕು ನಂಜನಗೂಡು ಅಂತ ಬರ್ದವ್ರೆ. ನಮ್ದು ನರಸೀಪುರ. ನೀ ಯೋಳು ಮಗ, ನಾನ್ ಯೋಳುದ್ರೆ ಗೊತ್ತಾಗೋಯ್ತದೆ."

ನಾನು ಹೇಳಿದೆ. "ತಾಲೂಕು ನಂಜನಗೂಡು ಅಂತ ಬರೆದಿದ್ದೀರಿ ಸಾರ್, ನಮ್ಮದು ನರಸೀಪುರ" ಎಂದೆ. ಅವರು ತಿದ್ದಿದರು. ಅವ್ವ ಎಡಗೈ ಹೆಬ್ಬೆಟ್ಟು ಒತ್ತಿ ಸೆರಗಿಗೆ ಒರೆಸಿಕೊಂಡಳು. ಅವ್ವ ಹೇಳಿದ್ದನ್ನು ನಾನು ಒಂದಕ್ಷರವೂ ಬಿಡದೆ ಹೇಳಿದ್ದು ಅದೇ ಮೊದಲು.